ಇಪ್ಪತ್ತೈದು ಮನೆಗಳ ಪೆಟ್ಟಿಗೆ

ಮೊನ್ನೆ ಬೆಳಿಗ್ಗೆ ಹಾಲು ತರಲು ಹೊರಟವಳು ಗೇಟು ದಾಟಿದ ಕೂಡಲೇ ನಿಂತುಬಿಟ್ಟೆ. ರಜೆಗೆ ಬಂದಿರುವ ಎದುರುಮನೆಯ ಮಕ್ಕಳು ಹಿಂದಿನ ಸಂಜೆ ಕುಂಟೆಬಿಲ್ಲೆ ಆಡಲೆಂದು ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದಿದ್ದರು. ಪಾಪ, ಅವಕ್ಕೆ ಆಟ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆ ಬರೆದು ಕೂತಿದ್ದವು. ಮಲ್ಲೇಶ್ವರದ ನಮ್ಮ ಕ್ರಾಸಿನಲ್ಲಿ ಬೆಳಗಿನ ಹೊತ್ತು ಓಡಾಟ ಕಡಿಮೆ. ನಡುವೆ ನಡೆದು ಹೋದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾನು ಮಾತ್ರ ಚರಂಡಿಯ ಅಂಚು ಹಿಡಿದು, ಗೋಡೆಗೆ ಕೈಯೂರಿಕೊಂಡು, ಸುತ್ತು ಹಾಕಿ ಹೋದೆ. ಎಪ್ಪತ್ತು ದಾಟಿದ ಹೆಂಗಸಿಗೆ ಇದೇನು ಹುಚ್ಚು ಅಂತ ನೋಡಿದವರು ಅಂದುಕೊಂಡಿರಬೇಕು. ಅವರಿಗೆ ಇಲಿಮನೆಯವರ ವಿಷಯ ಗೊತ್ತಿಲ್ಲವಲ್ಲ...

ಅವರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಎಪ್ಪತ್ತರ ದಶಕದ ನಡುವಿನ ಮಾತು. ಎಂ.ಎಸ್ಸಿ. ಮುಗಿಸಿದ ಮೇಲೆ ಬಸವನಗುಡಿಯ ಒಂದು ಪ್ರಯೋಗಾಲಯದಲ್ಲಿ ನಾನು ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಕಟ್ಟಡದ ಹಿಂದೆ, ಹಲಸಿನ ಮರದ ಕೆಳಗೆ, ಮಂಗಳೂರು ಹೆಂಚಿನ ಒಂದು ಉದ್ದನೆಯ ಕೋಣೆ ಇತ್ತು. ಅದೇ ಇಲಿಮನೆ. ಗೋಡೆಗುಂಟ ತಂತಿಯ ಬೋನುಗಳು, ಬೋನುಗಳಲ್ಲಿ ಬಿಳಿ ಇಲಿಗಳು. ಅವಕ್ಕೆ ಕಾಳು ನೀರು ಕೊಡುವುದು, ಒದ್ದೆಯಾದ ಮರದ ಹೊಟ್ಟು ಬದಲಿಸುವುದು, ಮರಿ ಹಾಕಿದ ದಿನ ಬರೆದಿಡುವುದು, ಎಲ್ಲ ಈ ಒಬ್ಬರದೇ ಕೆಲಸ. ಕಾಕಿ ಅಂಗಿ, ಸಣ್ಣಗೆ ಕತ್ತರಿಸಿದ ಮೀಸೆ, ಮೂವತ್ತೈದರ ಆಸುಪಾಸಿನ ವಯಸ್ಸು. ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ್ದರು. ಆದರೆ ಇಲಿಗಳ ವಿಷಯದಲ್ಲಿ ನಮ್ಮ ಪ್ರೊಫೆಸರರೂ ಅವರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡುತ್ತಿದ್ದರು. ಬಾಲ ಹಿಡಿದೆತ್ತಿದರೆ ಇಲಿಗೆ ಜ್ವರ ಇದೆಯೋ ಇಲ್ಲವೋ ಹೇಳುತ್ತಿದ್ದರು. ನಾನು ಅದನ್ನು ನಂಬಿರಲಿಲ್ಲ, ಎರಡು ಸಲ ಥರ್ಮಾಮೀಟರ್ ಇಟ್ಟು ನೋಡಿ ಬಾಯಿ ಮುಚ್ಚಿಕೊಂಡೆ.

ಪ್ರೊಫೆಸರರು ಮಾಡಿಸುತ್ತಿದ್ದ ಕೆಲಸ ಹೇಳುವುದಕ್ಕೆ ಸುಲಭ. ಕೆಲವು ಗಂಡು ಇಲಿಗಳಿಗೆ ವಾರಗಟ್ಟಲೆ ನೀರಿಗೆ ಸ್ಪಿರಿಟ್ ಬೆರೆಸಿ ಕುಡಿಸುವುದು. ಆಮೇಲೆ ಅದನ್ನು ನಿಲ್ಲಿಸಿ, ಒಂದು ತೊಟ್ಟೂ ಕುಡಿಯದ ಹೆಣ್ಣುಗಳ ಜೊತೆ ನಾಲ್ಕು ದಿನ ಬಿಟ್ಟು, ಮತ್ತೆ ಬೇರೆ ಮಾಡುವುದು. ಮರಿ ಹುಟ್ಟುವ ಹೊತ್ತಿಗೆ ಅಪ್ಪ ಆ ಬೋನಿನಲ್ಲೇ ಇರುವುದಿಲ್ಲ, ಮರಿಗಳ ಮುಖವನ್ನೂ ನೋಡಿರುವುದಿಲ್ಲ. ಹಾಗಿದ್ದೂ ಅವನ ಕುಡಿತ ಮರಿಗಳ ನಡತೆಯಲ್ಲಿ ಕಾಣುತ್ತದೆಯೇ ಅನ್ನುವುದು ನಮ್ಮ ಪ್ರಶ್ನೆ. ಕುಡಿಯುವ ಗಂಡುಗಳಿಗೆ ಇಲಿಮನೆಯವರು 'ಅಳಿಯಂದಿರು' ಅಂತ ಹೆಸರಿಟ್ಟಿದ್ದರು. ಬೆಳಿಗ್ಗೆ ನಾನು ಹೋದ ಕೂಡಲೇ, "ಅಳಿಯಂದಿರ್ಗೆ ಉಪಚಾರ ಆಯ್ತು ಮೇಡಮ್, ಯಾರೂ ಮುನಿಸ್ಕೊಂಡಿಲ್ಲ" ಅನ್ನುತ್ತಿದ್ದರು. ಅಳಿಯಂದಿರ ಬೋನುಗಳಿಗೂ ಅವರ ಮರಿಗಳ ಬೋನುಗಳಿಗೂ ಗುರುತಿಗೆಂದು ಕೆಂಪು ಬಟ್ಟೆಯ ಚೂರು ಕಟ್ಟಿರುತ್ತಿತ್ತು.

ಇಲಿಮನೆಯವರೂ ಕುಡಿಯುತ್ತಿದ್ದರು. ಕೆಲಸದ ಹೊತ್ತಿನಲ್ಲಲ್ಲ, ಪ್ರಯೋಗಾಲಯದ ಸ್ಪಿರಿಟ್ಟನ್ನಂತೂ ಮುಟ್ಟಿದವರೇ ಅಲ್ಲ. ಸಂಜೆ ಐದೂವರೆಗೆ ಬೀಗ ಹಾಕಿ, ಚಾಮರಾಜಪೇಟೆಯ ಮನೆಗೆ ನಡೆದು ಹೋಗುವ ದಾರಿಯಲ್ಲಿ ಸಾರಾಯಿ ಅಂಗಡಿ ಹೊಕ್ಕು ಹೋಗುವುದು ಹತ್ತು ಹನ್ನೆರಡು ವರ್ಷದ ಅಭ್ಯಾಸ. ಬೆಳಿಗ್ಗೆ ಕಣ್ಣು ಕೆಂಪಾಗಿರುತ್ತಿತ್ತು, ಬಾಯಿಗೆ ಏಲಕ್ಕಿ ಹಾಕಿಕೊಂಡಿರುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ.

ಮರಿಗಳ ನಡತೆ ನೋಡಲು ಒಂದು ಪೆಟ್ಟಿಗೆ ಇತ್ತು. ಮುಚ್ಚಳವಿಲ್ಲದ ಪ್ಲೈವುಡ್ ಪೆಟ್ಟಿಗೆ, ಒಳಗೆಲ್ಲ ಬಿಳಿ ಬಣ್ಣ, ತಳಕ್ಕೆ ಕಪ್ಪು ಗೆರೆ ಎಳೆದು ಇಪ್ಪತ್ತೈದು ಚೌಕ. ಚೌಕಾಬಾರಾ ಆಟದ ಹಾಗೆ ಅವಕ್ಕೂ 'ಮನೆ' ಅಂತಲೇ ಅನ್ನುತ್ತಿದ್ದೆವು. ತಾಯಿಯ ಹಾಲು ಬಿಟ್ಟ ಮರಿಯನ್ನು ನಡುಮನೆಯಲ್ಲಿ ಬಿಡಬೇಕು, ಐದು ನಿಮಿಷದಲ್ಲಿ ಅದು ಎಷ್ಟು ಮನೆ ದಾಟುತ್ತದೆ ಎಣಿಸಬೇಕು. ನಾನು ಗಡಿಯಾರ ನೋಡುತ್ತಿದ್ದೆ, ಅವರು ಎಣಿಸುತ್ತಿದ್ದರು. ಅವರದು ಹುಣಸೆಬೀಜದ ಲೆಕ್ಕ. ಎಡಗೈ ತುಂಬ ಬೀಜ ಹಿಡಿದು, ಮರಿ ಒಂದು ಮನೆ ದಾಟಿದರೆ ಒಂದು ಬೀಜವನ್ನು ಬಲಗೈಗೆ ಹಾಕುವರು. ಕಣ್ಣು ಮರಿಯ ಮೇಲಿಂದ ಕದಲುತ್ತಿರಲಿಲ್ಲ. ಬೀಜ ಬೀಳುವ ಸಣ್ಣ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ಇನ್ನೇನೂ ಕೇಳುತ್ತಿರಲಿಲ್ಲ.

ಮೊದಲ ತಂಡದ ಮರಿಗಳು ಬಂದವು. ಅಳಿಯಂದಿರ ಮರಿಗಳಲ್ಲಿ ಕೆಲವು ನಿಂತಲ್ಲಿ ನಿಲ್ಲದೆ ಗೋಡೆಗುಂಟ ಸುತ್ತಿದವು. ಕೆಲವು ಅಲ್ಲಾಡಲೇ ಇಲ್ಲ. ಒಂದು ಹೆಣ್ಣುಮರಿ ಮೂಲೆಗೆ ಹೋಗಿ, ಗೋಡೆಗೆ ಮೂಗು ಒತ್ತಿ ಕೂತದ್ದು ಐದು ನಿಮಿಷವೂ ಹಾಗೇ ಕೂತಿತು. ನಾನು "ಆಯ್ತು" ಅಂದಾಗ ಇಲಿಮನೆಯವರು ಎಡಗೈ ಬಿಡಿಸಿ ತೋರಿಸಿದರು. ಮೂರು ಬೀಜ ಬಿಟ್ಟು ಮಿಕ್ಕವೆಲ್ಲ ಅಲ್ಲೇ ಇದ್ದವು, ಅಂಗೈ ಬೆವರಿಗೆ ಒದ್ದೆಯಾಗಿ ಹೊಳೆಯುತ್ತಿದ್ದವು. ಅವರು ಆ ಮರಿಯನ್ನು ಎತ್ತಿ ಬೋನಿಗೆ ಹಾಕದೆ ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಆವತ್ತೇ ನನಗೆ ಏನಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನಗೆ ಆಗ ಇಪ್ಪತ್ತಮೂರು, ಗ್ರಾಫು ಸೊಗಸಾಗಿ ಬರುತ್ತಿದೆ ಅನ್ನುವ ಹಿಗ್ಗಿನಲ್ಲಿ ಇದ್ದೆ.

ಅದಾದ ವಾರದಲ್ಲಿ ಒಂದು ಶನಿವಾರ ಮಧ್ಯಾಹ್ನ. ನಾನು ಹಲಸಿನ ಮರದ ಕೆಳಗೆ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು, ಮಡಿಲಲ್ಲಿ ಗ್ರಾಫ್ ಹಾಳೆ ಇಟ್ಟುಕೊಂಡು ಕೂತಿದ್ದೆ. ಅವರು ನಲ್ಲಿಯ ಹತ್ತಿರ ನೀರಿನ ಸೀಸೆಗಳನ್ನು ತೊಳೆಯುತ್ತಿದ್ದರು. ತಿರುಗಿ ನೋಡದೆಯೇ ಕೇಳಿದರು:

"ಮೇಡಮ್, ಈ ಮರಿಗಳ ಅಮ್ಮಂದಿರು ಕುಡಿದಿಲ್ಲ ಅಲ್ವಾ?"

"ಇಲ್ಲ."

"ಅಪ್ಪ ಹತ್ರಾನೇ ಬಂದಿಲ್ಲ."

"ಬಂದಿಲ್ಲ."

"ಮತ್ತೆ ಅವಕ್ಕೆ ಹೆಂಗ್ ಬಂತು?"

"ಬೀಜದಲ್ಲೇ ಬರುತ್ತೆ" ಅಂದೆ. ಓದಿದವಳ ಗತ್ತು ನನ್ನ ದನಿಯಲ್ಲಿ ಇದ್ದೇ ಇತ್ತು. ನಲ್ಲಿ ನಿಂತಿತು.

"ಮನುಷ್ಯರ್ಗೂ ಹಂಗೇನಾ?"

"ಇಲಿಗೆ ಬಂದಿದ್ದು ಮನುಷ್ಯರಿಗೆ ಯಾಕೆ ಬರಬಾರದು? ಬಂದೇ ಬರುತ್ತೆ" ಅಂದೆ, ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕುತ್ತಾ. ತಲೆಯೆತ್ತಿ ಅವರ ಮುಖ ನೋಡಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ಅವರ ಹೆಂಡತಿ ಬಸುರಿಯಾಗಿದ್ದರು. ಆಗ ಐದು ತಿಂಗಳು. ಅದು ನನಗೆ ತಿಳಿದದ್ದು ಅವರು ಸಿಹಿ ತಂದ ದಿನ.

ಆ ಶನಿವಾರದಿಂದ ಅವರು ಸಾರಾಯಿ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕಣ್ಣು ತಿಳಿಯಾಯಿತು, ಏಲಕ್ಕಿ ವಾಸನೆ ಹೋಯಿತು. ಮೊದಲ ಎರಡು ವಾರ ಕೈ ನಡುಗಿ ಎರಡು ಸೀಸೆ ಒಡೆದರು. "ಏನ್ರೀ, ಅಳಿಯಂದಿರ ಸಹವಾಸ ಬಿಟ್ಟುಬಿಟ್ರಾ?" ಅಂತ ನಾನು ರೇಗಿಸಿದೆ. ನಗಲಿಲ್ಲ. ನನ್ನ ಮಾತಿನಿಂದ ಒಬ್ಬ ಮನುಷ್ಯ ಕುಡಿತ ಬಿಟ್ಟ ಅಂತ ಮನೆಯಲ್ಲಿ ಅಮ್ಮನಿಗೆ ಹೇಳಿಕೊಂಡು ಬೀಗಿದ್ದು ನೆನಪಿದೆ. ನಾಲ್ಕು ತಿಂಗಳಾದ ಮೇಲೆ ಮೈಸೂರುಪಾಕಿನ ಪೊಟ್ಟಣ ತಂದು ಕೈಗಿಟ್ಟರು.

"ಹೆಣ್ಣು ಮಗು ಮೇಡಮ್. ಕೈಕಾಲು ಎಲ್ಲ ಸರಿಯಾಗಿದೆ" ಅಂದರು. ಹೊರಡುತ್ತಾ, "ನಡಿಗೆ ನೋಡ್ಬೇಕು" ಅಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ಜೋರಾಗಿ ನಕ್ಕೆ...

ಇಷ್ಟರಲ್ಲಿ ಪ್ರೊಫೆಸರರಿಗೆ ಒಂದು ಅನುಮಾನ ಹುಟ್ಟಿತ್ತು. ಯಾವ ಮರಿ ಯಾರದ್ದು ಅಂತ ಎಣಿಸುವವರಿಗೆ ಗೊತ್ತಿದೆ, ಗೊತ್ತಿದ್ದರೆ ಕಣ್ಣು ತಾನು ಕಾಣಬೇಕೆಂದಿದ್ದನ್ನೇ ಕಾಣುತ್ತದೆ, ಅದಕ್ಕೆ ಎರಡನೇ ಸಲ ಬೇರೆ ಥರ ಮಾಡೋಣ ಅಂದರು. ಕೆಂಪು ಬಟ್ಟೆ ಬಿಚ್ಚಿಸಿದರು. ಮರಿಗಳಿಗೆ ಬರೀ ನಂಬರು ಕೊಟ್ಟು, ಯಾವ ನಂಬರು ಯಾರ ಮರಿ ಅನ್ನುವ ಪಟ್ಟಿಯನ್ನು ತಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟರು. ಇಲಿಮನೆಯವರು ಎಂದಿನಂತೆ ಬೀಜ ಹಿಡಿದು ಎಣಿಸಿದರು, ನಾನು ಬರೆದೆ. ಎಲ್ಲ ಮುಗಿದ ಮೇಲೆ ಪಟ್ಟಿ ತೆಗೆದು ಹೊಂದಿಸಿ ನೋಡಿದರೆ ಏನೂ ಇಲ್ಲ. ಕುಡಿದವರ ಮರಿಗಳಿಗೂ ಕುಡಿಯದವರ ಮರಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರನೆಯ ಸಲವೂ ಅಷ್ಟೇ. ಪ್ರೊಫೆಸರರು ಫೈಲಿಗೆ ದಾರ ಕಟ್ಟಿ ಬೀರುವಿನ ಮೇಲೆ ಎಸೆದು, ನನ್ನನ್ನು ಗಾಂಧಿಬಜಾರಿಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ಕೊಡಿಸಿದರು. ಇದು ಹೀಗೆಯೇ ಇರುತ್ತಮ್ಮ, ಬೇಜಾರು ಮಾಡಿಕೊಳ್ಳಬೇಡ ಅಂದರು.

ಇಲಿಮನೆಯವರಿಗೆ ಯಾರೂ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಹೇಳಬೇಕು ಅಂತ ನಮಗಿಬ್ಬರಿಗೂ ತೋಚಲೇ ಇಲ್ಲ. ಎಣಿಸಿದವರು ಅವರು, ಆದರೆ ಲೆಕ್ಕದ ಕೊನೆಗೆ ಏನು ಬಂತು ಅಂತ ತಿಳಿಯುವ ಹಕ್ಕು ಕಾಕಿ ಅಂಗಿಯವರಿಗೆ ಇರಬಹುದು ಅನ್ನುವುದು ಆ ಕಾಲದ ನಮ್ಮ ತಲೆಗೆ ಹೊಳೆಯುವ ವಿಷಯವೇ ಆಗಿರಲಿಲ್ಲ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಕೆಲವೇ ದಿನಕ್ಕೆ ನನಗೆ ಮಲ್ಲೇಶ್ವರದಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತು, ಮದುವೆಯಾಯಿತು, ಬಸವನಗುಡಿಯ ಕಡೆ ಹೋಗುವುದೂ ನಿಂತಿತು.

ಏಳು ವರ್ಷ ಕಳೆದಿತ್ತು. ಎಂಬತ್ತರ ದಶಕ ಶುರುವಾಗಿತ್ತು. ಒಂದು ದಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ "ಮೇಡಮ್" ಅಂದರು. ತಿರುಗಿ ನೋಡಿದರೆ ಅವರೇ. ಕೂದಲು ನೆರೆತಿತ್ತು, ಮೈ ಒಣಗಿತ್ತು, ಕಣ್ಣು ಮಾತ್ರ ತಿಳಿಯಾಗಿತ್ತು. ಅದೂ ಇದೂ ಮಾತಾಡಿದ ಮೇಲೆ ನನ್ನ ಬಸ್ಸು ಬಂತು. ಅವರು ಅಡ್ಡ ನಿಂತು, "ಒಂದ್ಸಲ ಮನೆಗೆ ಬನ್ನಿ ಮೇಡಮ್. ಮಗೂನ ನೀವು ನೋಡ್ಬೇಕು. ನೀವೇ ನೋಡ್ಬೇಕು" ಅಂದರು. ಆ ದನಿಯಲ್ಲಿ ಏನೋ ಇತ್ತು... ಬಸ್ಸು ಬಿಟ್ಟು ವಿಳಾಸ ಬರೆದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಹಣ್ಣು, ಬಿಸ್ಕತ್ತು ಹಿಡಿದು ಚಾಮರಾಜಪೇಟೆಗೆ ಹೋದೆ. ಎದುರುಬದುರು ಎಂಟು ಮನೆಗಳ ವಠಾರ. ನಡುವಿನ ಅಂಗಳದಲ್ಲಿ ಮಕ್ಕಳು ಕಿರುಚಾಡಿಕೊಂಡು ಬುಗುರಿ ಆಡುತ್ತಿದ್ದವು. ಕೊನೆಯ ಮನೆ ಇವರದು. ಬಾಗಿಲ ಹಿಂದೆ ನಿಂತು ಒಂದು ಹೆಣ್ಣುಮಗು ಆ ಆಟವನ್ನು ನೋಡುತ್ತಿತ್ತು. ಎರಡು ಜಡೆ, ಇಸ್ತ್ರಿ ಮಾಡಿದ ಲಂಗ. "ನೀನು ಆಡಲ್ವಾ ಪುಟ್ಟಿ?" ಅಂದೆ. "ಆಡಿದ್ರೆ ಸುಸ್ತಾಗತ್ತೆ, ಲೆಕ್ಕ ತಪ್ಪುತ್ತೆ" ಅಂತು.

ಒಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತೆ. ಮುಂದಿನ ಕೋಣೆಯ ಕೆಂಪು ನೆಲದ ತುಂಬ ಬಿಳಿ ಬಣ್ಣದ ಗೆರೆ. ಉದ್ದಕ್ಕೆ ಐದು, ಅಡ್ಡಕ್ಕೆ ಐದು. ಕೋಣೆಯಲ್ಲಿ ಕುರ್ಚಿಯಿಲ್ಲ, ಚಾಪೆಯಿಲ್ಲ, ಏನೂ ಇಲ್ಲ. ಅವರ ಹೆಂಡತಿ ಗೋಡೆಗುಂಟ, ಗೆರೆ ತುಳಿಯದ ಹಾಗೆ, ಕಾಲು ಓರೆ ಇಟ್ಟು ನಡೆದು ಬಂದು ನನ್ನನ್ನು ಕರೆದರು. ಆ ನಡಿಗೆ ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ ಕೈಯಲ್ಲಿದ್ದ ನೀರಿನ ಲೋಟ ತುಳುಕಲಿಲ್ಲ.

ಗೂಡಿನಲ್ಲಿ ಉದ್ದನೆಯ ನೋಟುಪುಸ್ತಕಗಳು ಒಂದರ ಮೇಲೊಂದು ಇದ್ದವು. ಮಗು ಅಂಬೆಗಾಲಿಟ್ಟ ದಿನದಿಂದ ಹಿಡಿದು ಪ್ರತಿ ಭಾನುವಾರದ ಲೆಕ್ಕ. ಇಲಿಮನೆಯಲ್ಲಿ ಬರೆಯುತ್ತಿದ್ದ ರೀತಿಯೇ, ಅದೇ ಮಗ್ಗಲಾಗಿ ಬಿದ್ದ ಅಕ್ಷರ. ಮೊದಲ ಪುಸ್ತಕ ತೆಗೆದು ನೋಡಿದೆ. 'ಮೂಲೆಗೆ ಹೋದಳು. ಅಲ್ಲಾಡಲಿಲ್ಲ.' ಇನ್ನೊಂದು ಕಡೆ, 'ಗೋಡೆಗುಂಟ ಸುತ್ತಿದಳು. ನನ್ನಿಂದ ಬಂದದ್ದು.' ನಾನು ಏನೋ ಹೇಳುವಷ್ಟರಲ್ಲಿ ಅವರು ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ, ತಾವು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಹುಣಸೆಬೀಜ ಹಿಡಿದಿದ್ದರು. ನನ್ನ ಕೈಗಡಿಯಾರದ ಕಡೆ ನೋಡಿ, "ಶುರು ಮಾಡಣ್ವಾ ಮೇಡಮ್?" ಅಂದರು.

ಮಗು ನಡೆಯಿತು. ಒಂದು ಮನೆಯಿಂದ ಇನ್ನೊಂದಕ್ಕೆ, ಅವಸರವಿಲ್ಲದೆ, ಮೂಲೆಗೆ ಹೋಗದೆ, ಗೋಡೆ ಮುಟ್ಟದೆ. ಅದರ ಕಣ್ಣು ನೆಲದ ಮೇಲಿರಲಿಲ್ಲ, ಅಪ್ಪನ ಎಡಗೈಯ ಮೇಲಿತ್ತು. ಬೀಜ ಬೇಗ ಬೇಗ ಕರಗಿದರೆ ಹೆಜ್ಜೆ ನಿಧಾನ ಮಾಡುತ್ತಿತ್ತು, ಜಾಸ್ತಿ ಉಳಿದಿದೆ ಅನ್ನಿಸಿದರೆ ಚುರುಕಾಗುತ್ತಿತ್ತು. ಕೊನೆಯ ಬೀಜ ಬಲಗೈಗೆ ಬಿದ್ದಾಗ ಎರಡೂ ಕಾಲು ಜೋಡಿಸಿ ನಿಂತುಬಿಟ್ಟಿತು. ಐದು ನಿಮಿಷಕ್ಕೆ ಇನ್ನೂ ಸ್ವಲ್ಪ ಉಳಿದಿತ್ತು.

"ನೋಡಿದ್ರಾ? ಈ ವರ್ಷ ಸುಧಾರಿಸಿದಾಳೆ" ಅಂದರು ಅವರು. ಅವರ ಕಣ್ಣಲ್ಲಿ ನೀರಿತ್ತು.

ನನಗೆ ತಡೆಯಲಾಗಲಿಲ್ಲ. ಮಗುವನ್ನು ಹೊರಗೆ ಕಳಿಸಿ ಎಲ್ಲವನ್ನೂ ಹೇಳಿದೆ. ಎರಡನೇ ಸಲ ಏನೂ ಸಿಗಲಿಲ್ಲ, ಮೂರನೇ ಸಲವೂ ಸಿಗಲಿಲ್ಲ, ಯಾರ ಮರಿ ಅಂತ ಗೊತ್ತಿದ್ದವರು ಎಣಿಸಬಾರದಂತೆ, ಮೊದಲ ಸಲ ನಾವು ಕಂಡದ್ದು ನಮ್ಮ ಭ್ರಮೆಯೇ ಇರಬೇಕು, ಆ ಕೆಲಸವನ್ನೇ ಬಿಟ್ಟುಬಿಟ್ಟರು. ನಿಮ್ಮ ಕುಡಿತದಿಂದ ನಿಮ್ಮ ಮಗುವಿಗೆ ಏನೂ ಬಂದಿಲ್ಲ, ಅವಳು ಸರಿಯಾಗಿದ್ದಾಳೆ, ಈ ಗೆರೆಗಳನ್ನು ಅಳಿಸಿಬಿಡಿ ಅಂದೆ.

ಅವರು ಬಲಗೈಯ ಬೀಜಗಳನ್ನೇ ನೋಡುತ್ತಿದ್ದರು.

"ಯಾವಾಗ್ ಗೊತ್ತಾಯ್ತು?"

"ಇವಳು ಹುಟ್ಟಿದ ಸ್ವಲ್ಪ ದಿನಕ್ಕೇ."

"ಆ ಮರಿಗಳ್ನೂ ನಾನೇ ಎಣಿಸಿದ್ದಲ್ವಾ ಮೇಡಮ್?"

"ಹೌದು."

"ನಂಗ್ಯಾರೂ ಹೇಳ್ಲಿಲ್ಲ" ಅಂದರು. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು. ಬೀಜಗಳನ್ನು ಅಂಗಿಯ ಜೇಬಿಗೆ ಹಾಕಿ, ಎದ್ದು, ನಡುವೆಯೇ ಗೆರೆಗಳನ್ನು ತುಳಿದುಕೊಂಡು ಹೊರಗೆ ಹೋದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದರು. ನಾನು ಕಾಫಿ ಕುಡಿದು ಬಂದೆ. ದಾರಿಯುದ್ದಕ್ಕೂ ಹಗುರಾಗಿದ್ದೆ. ತಡವಾಗಿಯಾದರೂ ಸರಿ, ಒಂದು ಮಗುವನ್ನು ಬಿಡಿಸಿದೆ ಅಂದುಕೊಂಡೆ.

ನಾಲ್ಕು ವರ್ಷಕ್ಕೆ ಸುದ್ದಿ ಬಂತು. ಪ್ರೊಫೆಸರರೇ ಫೋನು ಮಾಡಿದ್ದರು. ಇಲಿಮನೆಯವರು ಹೋಗಿಬಿಟ್ಟರಂತೆ, ಲಿವರ್ ಪೂರ್ತಿ ಕೆಟ್ಟಿತ್ತಂತೆ. ನಾನು ಹೋಗುವ ಹೊತ್ತಿಗೆ ಹದಿಮೂರು ದಿನದ ಕಾರ್ಯ ಮುಗಿದಿತ್ತು. ಕೋಣೆಯ ಗೆರೆಗಳನ್ನು ಯಾರೋ ಸೀಮೆಎಣ್ಣೆ ಹಾಕಿ ತೆಂಗಿನ ನಾರಿನಿಂದ ಉಜ್ಜಿದ್ದರು. ಬಣ್ಣ ಹೋಗಿ ಗುರುತು ಉಳಿದಿತ್ತು. ಅವರ ಹೆಂಡತಿ ನನ್ನನ್ನು ಕೂರಲು ಹೇಳಿದರು. ಅಳಲಿಲ್ಲ, ಬೈಯಲಿಲ್ಲ.

"ಏಳು ವರ್ಷ ಬಾಯ್ಗೆ ಹಾಕಿರ್ಲಿಲ್ಲ" ಅಂದರು. "ನೀವು ಬಂದ್ಹೋದ್ರಲ್ಲ, ಆ ಭಾನುವಾರ ಸಾಯಂಕಾಲಾನೇ ಹೋದ್ರು. ಇನ್ಯಾತಕ್ಕೆ ಬಿಡ್ಬೇಕು ಅಂತ ನನ್ನೇ ಕೇಳಿದ್ರು. ನಾನೇನ್ ಹೇಳ್ಲಿ?"

ಮೊದಲ ಸಲ ಕಡಲೆಬೀಜ ಹುಡುಕುತ್ತಾ ಹೇಳಿದೆ, ಎರಡನೇ ಸಲ ಉಪಕಾರ ಮಾಡುತ್ತಿದ್ದೇನೆ ಅಂತ ಹೇಳಿದೆ. ಎರಡು ಸಲವೂ ಪೂರ್ತಿ ಗೊತ್ತಿದ್ದವಳ ಹಾಗೆ ಹೇಳಿದೆ. ಪ್ರಾಣಿಗಳ ಮೇಲೆ ಅಂಥ ಕೆಲಸ ಆಮೇಲೂ ಬೇಕಾದಷ್ಟು ನಡೆದಿದೆ. ಅಪ್ಪನ ಕುಡಿತ ಮರಿಗಳ ನಡತೆಯಲ್ಲಿ ಕಾಣುವುದು ಹೌದು ಅನ್ನುವವರೇ ಈಗ ಹೆಚ್ಚು. ಹಾಗಾದರೆ ಭಾನುವಾರ ಹೇಳಿದ್ದು ಸುಳ್ಳೇ, ಶನಿವಾರ ಹೇಳಿದ್ದು ನಿಜವೇ... ನನಗೆ ಈಗಲೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವ ಒಂದು ಮಾತನ್ನು ಆ ನಲ್ಲಿಯ ಹತ್ತಿರ ಹೇಳಿದ್ದರೆ ಸಾಕಿತ್ತು.

ಹೊರಡುವಾಗ ಹುಡುಗಿ ವಠಾರದ ಬಾಗಿಲ ತನಕ ಬಂದಳು. ಹನ್ನೊಂದು ವರ್ಷದವಳು, ಅಪ್ಪನ ಎತ್ತರಕ್ಕೆ ಬೆಳೆಯುವ ಲಕ್ಷಣ. ಅತ್ತ ಇತ್ತ ನೋಡಿ, ಅಮ್ಮ ಹತ್ತಿರವಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದಳು:

"ಮೇಡಮ್, ಎಷ್ಟು ಮನೆ ದಾಟಿದ್ರೆ ಸರಿ?"

ನಾನು ಕೊಡೆಯನ್ನು ಎಡಗೈಗೆ ತೆಗೆದುಕೊಂಡು ಅವಳ ಕಡೆ ಬಾಗಿದೆ.

"ನಂಗೆ ಅಪ್ಪ ಹೇಳ್ಲೇ ಇಲ್ಲ. ಸರಿಯಾಗಿ ದಾಟಿದ್ರೆ ಅವ್ರು ಕುಡೀತಿರ್ಲಿಲ್ಲ ಅಲ್ವಾ?"

ಅಲ್ಲಮ್ಮ ಅಂದೆ, ಹಾಗಲ್ಲ ಅಂದೆ, ನಿನ್ನದೇನೂ ತಪ್ಪಿಲ್ಲ ಅಂದೆ. ಅವಳು ನನ್ನ ಮುಖವನ್ನು ನೋಡುತ್ತಿರಲಿಲ್ಲ. ನನ್ನ ಎಡಗೈಯನ್ನು ನೋಡುತ್ತಿದ್ದಳು. ಅದರಲ್ಲಿ ಬರೀ ಕೊಡೆ ಇತ್ತು.

ಮರುವರ್ಷ ಹೋದಾಗ ಮನೆ ಖಾಲಿಯಾಗಿತ್ತು. ಮತ್ತಿಕೆರೆಯ ಕಡೆ ಹೋದರು ಅಂತ ಒಬ್ಬರು, ಇಲ್ಲ ತವರಿಗೆ ಹೋದರು ಅಂತ ಇನ್ನೊಬ್ಬರು. ಮತ್ತಿಕೆರೆಯಲ್ಲಿ ಎರಡು ಭಾನುವಾರ ಅಲೆದೆ, ಸಿಗಲಿಲ್ಲ. ವಠಾರವೂ ಈಗಿಲ್ಲ, ಅಲ್ಲಿ ಐದು ಮಹಡಿ ಎದ್ದಿದೆ. ಆ ಹುಡುಗಿ ಎಲ್ಲಾದರೂ ಇದ್ದರೆ ಈಗ ಐವತ್ತರ ಹತ್ತಿರ. ಅವಳ ಅಪ್ಪನನ್ನು ಕಳೆದವಳು ನಾನೇ ಅಂತ ಅವಳಿಗೆ ಯಾರಾದರೂ ಹೇಳಿರಲಿ ಅಂತ ಎಷ್ಟೋ ಸಲ ಅನ್ನಿಸಿದೆ. ತಾನೇ ಅಂತ ಅಂದುಕೊಂಡು ಅವಳು ಬದುಕುವುದಕ್ಕಿಂತ ಅದು ಮೇಲು.

ನಿನ್ನೆ ಸಂಜೆ ಗೇಟಿನ ಹತ್ತಿರ ನಿಂತಿದ್ದೆ. ಎದುರುಮನೆಯ ಮಕ್ಕಳಲ್ಲಿ ಚಿಕ್ಕದು, ಆರೋ ಏಳೋ ವರ್ಷದ್ದು, ಆ ಮನೆಗಳ ಮೇಲೆ ಒಬ್ಬಳೇ ಕುಣಿಯುತ್ತಿತ್ತು. ಗೆರೆ ತುಳಿಯುತ್ತಿತ್ತು, ಎರಡು ಮನೆಗೆ ಒಂದೇ ಸಲ ಹಾರುತ್ತಿತ್ತು, ಮೂಲೆಗೆ ಓಡುತ್ತಿತ್ತು. ನೋಡಲು ಎಷ್ಟು ಚೆನ್ನಾಗಿತ್ತು. ಥಟ್ಟನೆ ಅದು ನಿಂತು, ನನ್ನ ಕಡೆ ತಿರುಗಿ, ನನ್ನ ಬೆರಳುಗಳನ್ನು ನೋಡಿತು.

"ಅಜ್ಜಿ, ಏನ್ ಎಣಿಸ್ತಿದೀರಾ?"

"ಏನಿಲ್ಲ ಮರಿ, ನೀನು ಆಡ್ಕೋ" ಅಂದೆ. ಅಷ್ಟರಲ್ಲಿ ಹದಿನೇಳು ಮನೆ ಆಗಿತ್ತು.